ಕಾಲು ಮೊದಲು, ಕೋಲು ಆಮೇಲೆ

"ಮೇಡಂ, ಅವಳು ಬಾಲ್ ತಗೊಂಡು ಎದುರಿಗೆ ಬರುವಾಗ ನೀವು ಎಂತ ನೋಡ್ತೀರಿ? ಬಾಲನ್ನಾ, ಅವಳನ್ನಾ?"

ಕೇಳಿದವಳು ಎಂಟನೇ ಕ್ಲಾಸಿನ ಹುಡುಗಿ. ಅವತ್ತು ಹಾಕಿ ಆಡುವಾಗ ಅವಳನ್ನು ಒಬ್ಬಳೇ ಫಾರ್ವರ್ಡ್, ಅಂದರೆ ಗೋಲ್ ಹೊಡೆಯೋಕೆ ಮುನ್ನುಗ್ಗುವವಳು, ನಾಲ್ಕು ಸಲ ದಾಟಿಕೊಂಡು ಹೋಗಿದ್ದಳು. ನಾಲ್ಕು ಸಲವೂ ನಾನು ಗೆರೆಯ ಆಚೆ ನಿಂತು ಕೂಗಿದ್ದೆ.

"ಬಾಲ್ ನೋಡ್ಬೇಕು" ಅಂದೆ.

"ಬಾಲ್ ನೋಡ್ತಾ ಇದ್ರೆ ಅವಳು ಯಾವ ಕಡೆ ತಿರುಗ್ತಾಳೆ ಅಂತ ಹೆಂಗೆ ಗೊತ್ತಾಗತ್ತೆ?"

"ಆಡ್ತಾ ಆಡ್ತಾ ಬರತ್ತೆ."

ಹೂಂ ಅಂದಳು. ನಂಬಿಲ್ಲ ಅನ್ನೋದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಾನು ಹನ್ನೊಂದು ವರ್ಷ ಹಾಕಿ ಆಡಿದವಳು. ಅದರಲ್ಲಿ ಬಹುಪಾಲು ಲೆಫ್ಟ್ ಹಾಫ್, ಅಂದರೆ ಫಾರ್ವರ್ಡ್‌ಗಳ ಹಿಂದೆ ಎಡಗಡೆ ನಿಂತು ಆಡುವವಳು. ಎರಡು ಸಲ ರಾಜ್ಯ ತಂಡದ ಜೊತೆ ನ್ಯಾಷನಲ್ಸ್‌ಗೆ ಹೋಗಿ ಬಂದವಳು. ಆದರೂ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇದು 2012ರ ಮಾತು. ಆಟಗಾರ್ತಿ ಕೋಚ್ ಆಗಿದ್ದು ಯಾವಾಗ ಅಂತ ಯಾರಾದರೂ ಕೇಳಿದರೆ ನನಗೆ ಕೆಲಸಕ್ಕೆ ಸೇರಿದ ದಿನ ನೆನಪಾಗಲ್ಲ. ಈ ಹುಡುಗಿಯ ಮುಖ ನೆನಪಾಗತ್ತೆ.

ನಮ್ಮೂರು ಸಾಗರ ಮತ್ತು ಹೊಸನಗರದ ನಡುವೆ. ಶಾಲೆಯ ಮೈದಾನ ಅಂದರೆ ಜಂಬಿಟ್ಟಿಗೆ ಕಲ್ಲಿನ ಗುಡ್ಡವನ್ನು ಒಂದಿಷ್ಟು ಕಡಿದು ಸಮ ಮಾಡಿದ ಜಾಗ. ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ ಇರಬೇಕು. ನಮ್ಮದು ಅದರ ಅರ್ಧವೂ ಇರಲಿಲ್ಲ. ಒಂದು ಗೋಲಿನ ಹಿಂದೆ ಗುಡ್ಡ ಕಡಿದ ಮಣ್ಣಿನ ಧರೆ, ಇನ್ನೊಂದು ಗೋಲಿನ ಹಿಂದೆ ಅಡಿಕೆ ತೋಟ. ಅಲ್ಲಿ ಗೋಲ್ ಆದರೆ ಬಾಲ್ ಸೀದಾ ತೋಟಕ್ಕೆ. ಹುಡುಕೋಕೆ ಇಳಿದವಳ ಕಾಲಿಗೆ ರಕ್ತ ಹೀರೋ ಉಂಬಳ. ಗೋಲ್ ಹೊಡೆದವಳೇ ಬಾಲ್ ತರಬೇಕು ಅಂತ ನಮ್ಮಲ್ಲಿ ಕಾನೂನು ಇತ್ತು. ಹಾಗಾಗಿ ತೋಟದ ಕಡೆ ಗೋಲ್ ಹೊಡೆಯೋಕೆ ಯಾರಿಗೂ ಅಂಥ ಉತ್ಸಾಹ ಇರಲಿಲ್ಲ.

ಹಾಕಿ ನಮ್ಮೂರಿಗೆ ಬಂದಿದ್ದು ವರ್ಗವಾಗಿ ಬಂದ ಒಬ್ಬ ಪಿ.ಟಿ. ಮೇಷ್ಟ್ರ ಜೊತೆ. ಆರು ಸ್ಟಿಕ್ಕು ತಂದಿದ್ದರು. ಖೋ ಖೋದಲ್ಲಿ ಹೋಬಳಿ ದಾಟೋದೇ ಕಷ್ಟ. ಹಾಕಿಯಲ್ಲಾದರೆ ಇಡೀ ತಾಲ್ಲೂಕಿಗೆ ಹುಡುಗಿಯರ ಟೀಮು ಎರಡೇ ಎರಡು. ಒಂದು ಮ್ಯಾಚ್ ಗೆದ್ದರೆ ಜಿಲ್ಲಾ ಮಟ್ಟ. ಇದು ಅವರ ಲೆಕ್ಕ. ನಾನಂತೂ ಹಾಕಿಗೆ ಸೇರಿದ್ದು ಶಿವಮೊಗ್ಗ ನೋಡೋ ಆಸೆಗೆ. ನಾಚಿಕೆ ಏನಿಲ್ಲ ಹೇಳೋಕೆ.

ಆಗಿನ ಸ್ಟಿಕ್ಕು ಹಿಪ್ಪುನೇರಳೆ ಮರದ್ದು. ಜಲಂಧರ್ ಕಡೆಯಿಂದ ಬರುತ್ತಿತ್ತು. ನನ್ನ ಪಾಲಿಗೆ ಬಂದಿದ್ದನ್ನು ಒಂದು ಜುಲೈಯಲ್ಲಿ ಮನೆಗೆ ತಂದಿದ್ದೆ. ಪೂರ್ತಿ ನೆಂದಿತ್ತು. ಒಣಗಲಿ ಅಂತ ಬಚ್ಚಲ ಒಲೆಯ ಮೇಲೆ, ಅಪ್ಪಯ್ಯನ ಕಂಬಳಿ ಪಕ್ಕದಲ್ಲಿ ತೂಗುಹಾಕಿದೆ. ಮೂರನೇ ದಿನ ತೆಗೆದು ನೋಡಿದರೆ ಬಾಗಿದ ತುದಿಯಿಂದ ಒಂದು ಗೇಣು ಮೇಲಿನ ತನಕ ಸೀಳು. ಅಳುತ್ತಾ ತಗೊಂಡು ಹೋದೆ. ಮೇಷ್ಟ್ರು ಬೈಯಲಿಲ್ಲ. ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಬಿಗಿಯಾಗಿ ಸುತ್ತಿ ಕೊಟ್ಟರು. ಅದರಲ್ಲಿ ಹೊಡೆದರೆ ಟಪ್ ಅನ್ನೋ ಬದಲು ಬೊದ್ ಅನ್ನುತ್ತಿತ್ತು. ಬಾಲ್ ಹತ್ತು ಹೆಜ್ಜೆ ಹೋಗಿ ನಿಲ್ಲುತ್ತಿತ್ತು. ಹಿಟ್ ಮಾಡಿದರೆ ಪ್ರಯೋಜನ ಇಲ್ಲ ಅಂತ ಗೊತ್ತಾಗಿ ಪುಶ್ ಮಾಡೋದನ್ನೇ, ಅಂದರೆ ಸ್ಟಿಕ್ ಬೀಸದೆ ಬಾಲನ್ನು ತಳ್ಳೋದನ್ನೇ ಕಲಿತೆ. ಎರಡು ವರ್ಷ ಅದರಲ್ಲೇ ಆಡಿದೆ. ಮುಂದೆ ಎಲ್ಲರೂ ನನ್ನ ಪುಶ್ ಚೆನ್ನಾಗಿದೆ ಅನ್ನುತ್ತಿದ್ದರು. ಕಾರಣ ಬಚ್ಚಲ ಒಲೆ.

ರಾಜ್ಯ ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಕೊಡಗಿನ ಹುಡುಗಿಯರ ಕೈಲಿ ಒಂಬತ್ತು ಗೋಲು ತಿಂದು ಬಂದೆವು. ಅವರು ಬಾಲ್ ನೋಡದೇನೇ ಓಡುತ್ತಿದ್ದರು. ನಾವು ಬಾಲ್ ಬಿಟ್ಟು ಬೇರೆ ಏನೂ ನೋಡುತ್ತಿರಲಿಲ್ಲ. ಕೊಡಗಿನಲ್ಲಿ 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಒಂದೊಂದು ಮನೆತನವೂ ಒಂದೊಂದು ಟೀಮು. ಹೆಂಗಸರೂ ಗಂಡಸರ ಜೊತೆಗೇ ಇಳಿದು ಆಡುತ್ತಾರೆ. ಅಂಥ ಊರಲ್ಲಿ ಹುಟ್ಟಿದವಳಿಗೂ ಶಿವಮೊಗ್ಗ ನೋಡೋಕೆ ಹಾಕಿ ಹಿಡಿದವಳಿಗೂ ಒಂಬತ್ತು ಗೋಲಿನ ವ್ಯತ್ಯಾಸ ಇರೋದು ಸಹಜ ಅಲ್ವಾ. ವಾಪಸ್ ಬರುವಾಗ ರೈಲಿನಲ್ಲಿ ಮೇಷ್ಟ್ರು ಬ್ರಿಟ್ಟೋ ಅಕ್ಕ ತಂಗಿಯರ ಕಥೆ ಹೇಳಿದರು. ಎಲ್ವೆರಾ, ರೀಟಾ, ಮೇ, ಮೂವರೂ ಹಾಕಿ ಆಟಗಾರ್ತಿಯರು. 1960ರಿಂದ 67ರವರೆಗೆ ನಮ್ಮ ರಾಜ್ಯದ ತಂಡ ಏಳು ಸಲ ರಾಷ್ಟ್ರೀಯ ಚಾಂಪಿಯನ್ ಆಗಿತ್ತಂತೆ. ಎಲ್ವೆರಾಗೆ 1965ರಲ್ಲಿ ಅರ್ಜುನ ಪ್ರಶಸ್ತಿ ಬಂತಂತೆ. ನಾವು ಅರ್ಧ ನಿದ್ದೆಯಲ್ಲಿ ಕೇಳಿದೆವು. ಈಗ ನನ್ನ ಹುಡುಗಿಯರಿಗೆ ನಾನು ಅದೇ ಕಥೆ ಹೇಳುತ್ತೇನೆ. ಅವರೂ ಅರ್ಧ ನಿದ್ದೆಯಲ್ಲೇ ಕೇಳುತ್ತಾರೆ.

ಕಾಲೇಜಿಗೆ ಶಿವಮೊಗ್ಗಕ್ಕೆ ಬಂದೆ. ಬೆಳಿಗ್ಗೆ ನೆಹರು ಸ್ಟೇಡಿಯಂ, ಸಂಜೆ ಕಾಲೇಜು ಮೈದಾನ. ಕುವೆಂಪು ವಿಶ್ವವಿದ್ಯಾಲಯದ ತಂಡದಲ್ಲಿ ಮೂರು ವರ್ಷ ಇದ್ದೆ. 2002ರಲ್ಲಿ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಹೆಂಗಸರು ಇಂಗ್ಲೆಂಡನ್ನು 3–2ರಿಂದ ಸೋಲಿಸಿ ಚಿನ್ನ ತಂದರು. ಹಾಸ್ಟೆಲ್ಲಿನ ಪೇಪರಿನಿಂದ ಆ ಫೋಟೋ ಕತ್ತರಿಸಿದ್ದಕ್ಕೆ ವಾರ್ಡನ್ ಹತ್ತಿರ ಬೈಸಿಕೊಂಡೆ.

ಟರ್ಫ್ ಮೇಲೆ ಮೊದಲ ಸಲ ಕಾಲಿಟ್ಟಿದ್ದು ಬೆಂಗಳೂರಿನ ಅಕ್ಕಿತಿಮ್ಮನಹಳ್ಳಿ ಸ್ಟೇಡಿಯಂನಲ್ಲಿ. ರಾಜ್ಯ ತಂಡದ ಸೆಲೆಕ್ಷನ್ ಟ್ರಯಲ್ಸ್. ನೀರು ಬಿಟ್ಟ ನೀಲಿ-ಹಸಿರು ಹಾಸು ಅಂತ ಕೇಳಿದ್ದೆ, ಕಂಡಿರಲಿಲ್ಲ. ಬಗ್ಗಿ ಅಂಗೈಯಿಂದ ಸವರಿ ನೋಡಿದೆ. ಹೊಸ ಡೋರ್‌ಮ್ಯಾಟ್ ಥರ ಇತ್ತು. ಮೊದಲ ಪಾಸು ಬಂತು. ನಾನು ಸ್ಟಿಕ್ ಕೆಳಗಿಡುವಷ್ಟರಲ್ಲಿ ಬಾಲ್ ನನ್ನನ್ನು ದಾಟಿ ಗೆರೆ ಆಚೆ ಹೋಗಿಯಾಗಿತ್ತು. ಎರಡನೆಯದೂ ಹಾಗೇ. ನಮ್ಮ ಮಣ್ಣಿನಲ್ಲಿ ಬಾಲ್ ಬರುವಾಗ ಎಷ್ಟು ಸಲ ಪುಟಿಯುತ್ತೆ, ಯಾವ ಕಲ್ಲಿಗೆ ತಾಗಿ ಎತ್ತ ತಿರುಗುತ್ತೆ ಅಂತ ನೋಡ್ತಾ ಕಾಯೋದು ರೂಢಿ. ಕೊನೇ ಗಳಿಗೆಯಲ್ಲಿ ಕೈ ಸಡಿಲ ಬಿಟ್ಟು ಹಿಡಿಯೋದು. ಟರ್ಫ್‌ನಲ್ಲಿ ಬಾಲ್ ಎಲ್ಲೂ ಪುಟಿಯಲ್ಲ, ಸೀದಾ ಗೆರೆ ಎಳೆದ ಹಾಗೆ ಬರತ್ತೆ. ಕಾಯೋಕೆ ಸಮಯವೇ ಇಲ್ಲ. ಮೊದಲೇ ಬಗ್ಗಿ, ಸ್ಟಿಕ್ ನೆಲಕ್ಕೆ ತಾಗಿಸಿ ಇಟ್ಟಿರಬೇಕು. ಕ್ಯಾನ್ವಾಸ್ ಶೂ ಬೇರೆ. ಜಾರಿ ಬಿದ್ದು ಮಂಡಿ ತರಚಿದ್ದು ಸುಟ್ಟ ಗಾಯದ ಹಾಗೆ ವಾರಗಟ್ಟಲೆ ಉರಿಯಿತು.

ಆ ವರ್ಷ ನನ್ನ ಆಯ್ಕೆ ಆಗಲಿಲ್ಲ. ಮುಂದಿನ ವರ್ಷ ಆಯಿತು. ನಡುವೆ ಏನು ಮಾಡಿದೆ ಅಂದರೆ, ಹಾಸ್ಟೆಲ್ಲಿನ ಊಟದ ಹಾಲ್‌ನಲ್ಲಿ ರಾತ್ರಿ ಬೆಂಚು ಸರಿಸಿ ಕಾವಿ ನೆಲದ ಮೇಲೆ ಬಾಲನ್ನು ಗೋಡೆಗೆ ಹೊಡೆದು ಹಿಡಿಯುತ್ತಿದ್ದೆ, ಅಷ್ಟೇ. ಈ ಕಾವಿ ನೆಲದ ಮಾತಿಗೆ ಆಮೇಲೆ ಬರುತ್ತೇನೆ.

ಎರಡು ನ್ಯಾಷನಲ್ಸ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಒಂದರಲ್ಲಿ ಹೆಚ್ಚು ಹೊತ್ತು ಬೆಂಚಲ್ಲಿ ಕೂತೆ, ಇನ್ನೊಂದರಲ್ಲಿ ಹೆಚ್ಚು ಹೊತ್ತು ಆಡಿದೆ. 2006ರಲ್ಲಿ ಒಂದು ಟೂರ್ನಿ. ಮೈದಾನದ ಒಂದು ಮೂಲೆಯಲ್ಲಿ ಹೊಂಡ ಇತ್ತು. ಹಿಂದಿನ ದಿನ ಸಡಿಲ ಮಣ್ಣು ಹಾಕಿ ಮುಚ್ಚಿದ್ದರು. ನನ್ನ ಎಡಗಾಲು ಅದರಲ್ಲಿ ಇಳಿಯಿತು, ಮೈ ಬಲಕ್ಕೆ ತಿರುಗಿತು. ಮಂಡಿಯೊಳಗೆ ಕಟ್ ಅಂದಿದ್ದು ನನಗೇ ಕೇಳಿಸಿತು. ಐಸ್ ಇಟ್ಟು, ಪಟ್ಟಿ ಸುತ್ತಿ, ನಾಳೆ ಆಡ್ತೀಯಲ್ಲ ಅಂದರು. ಆಡಿದೆ. ಅದೇ ತಪ್ಪು. ಒಳಗಿನ ಲಿಗಮೆಂಟ್ ಹರಿದಿದೆ ಅಂತ ಗೊತ್ತಾಗೋಕೆ ಐದು ತಿಂಗಳು ಬೇಕಾಯಿತು. ಆಪರೇಷನ್ ಆಯಿತು. ನಡೆಯೋಕೆ, ಮೆಟ್ಟಿಲು ಹತ್ತೋಕೆ ತೊಂದರೆ ಇಲ್ಲ. ತಟಕ್ಕನೆ ತಿರುಗೋಕೆ ಹೋದರೆ ಮಾತ್ರ ಮಂಡಿಗೆ ಭಯ. ಹಾಫ್ ಆಡುವವಳಿಗೆ ಬೇಕಾದ್ದೇ ಅದು. ಇವತ್ತು ನನ್ನ ಹುಡುಗಿಯರಲ್ಲಿ ಯಾರ ಮಂಡಿ ಊದಿದರೂ ನಾನು ಆಡಿಸಲ್ಲ. ಫೈನಲ್ ಆದರೂ ಸರಿ. ಈ ವಿಷಯದಲ್ಲಿ ನಾನು ಹಟಮಾರಿ ಅಂತ ಹೆಸರು ತಗೊಂಡಿದ್ದೀನಿ.

ಬಿ.ಪಿ.ಎಡ್. ಮಾಡಿದೆ. ಮದುವೆಯಾಯಿತು. 2009ರಲ್ಲಿ ಹೊಸನಗರದ ಕಡೆಯ ಒಂದು ಹೈಸ್ಕೂಲಿಗೆ ದೈಹಿಕ ಶಿಕ್ಷಕಿಯಾಗಿ ಸೇರಿದೆ. ಹಾಕಿ ಶುರು ಮಾಡಿದಾಗ ಹತ್ತೊಂಬತ್ತು ಹುಡುಗಿಯರು ಬಂದರು. ಎರಡನೇ ವರ್ಷಕ್ಕೆ ಉಳಿದವರು ಏಳು.

ಯಾಕೆ ಹೋದರು ಅಂತ ಆಗ ಅವರ ಮೇಲೇ ಸಿಟ್ಟು ಬಂದಿತ್ತು. ಈಗಿನ ಮಕ್ಕಳಿಗೆ ಕಷ್ಟ ಬೇಡ ಅಂತೆಲ್ಲ ಸ್ಟಾಫ್ ರೂಮಲ್ಲಿ ಹೇಳಿಕೊಂಡು ತಿರುಗಿದೆ. ನಾನು ಮಾಡುತ್ತಿದ್ದಿದ್ದು ಇಷ್ಟು: ಅವರ ಜೊತೆ ನಾನೂ ಇಳಿದು ಆಡೋದು. ಅವರಿಂದ ಬಾಲ್ ಕಿತ್ತುಕೊಳ್ಳೋದು. "ನೋಡಿ, ಹಿಂಗೆ" ಅನ್ನೋದು. ಹಿಂಗೆ ಅಂದರೆ ಹೆಂಗೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಆಡುತ್ತಾನೇ ಇದ್ದೆ. ಆಟ ನಿಂತ ಸಂಕಟಕ್ಕೆ ಹದಿಮೂರು ವರ್ಷದ ಹುಡುಗಿಯರ ಎದುರು ಗೆದ್ದು ಸಮಾಧಾನ ಮಾಡಿಕೊಳ್ಳುತ್ತಿದ್ದೆ ಅಂತ ಈಗ ಅನ್ನಿಸತ್ತೆ.

ಇನ್ನೊಂದು ಪೆಟ್ಟು ನಿಯಮದಿಂದ ಬಿತ್ತು. ನಾವು ಆಡುವ ಕಾಲದಲ್ಲಿ ನಮ್ಮ ತಪ್ಪಿಗೆ ಎದುರಾಳಿಗೆ ಫ್ರೀ ಹಿಟ್ ಸಿಕ್ಕಿತು ಅಂದರೆ ಒಂದು ಉಸಿರು ಬಿಡೋಕೆ ಸಮಯ. ಬೆನ್ನು ತಿರುಗಿಸಿ ನಮ್ಮ ಜಾಗಕ್ಕೆ ಓಡುತ್ತಿದ್ದೆವು. ಬಾಲ್ ಇಟ್ಟವಳು ಇನ್ನೊಬ್ಬಳಿಗೇ ಕೊಡಬೇಕಿತ್ತು. 2009ರಿಂದ ಹಾಗಿಲ್ಲ. ಫ್ರೀ ಹಿಟ್ ತಗೊಳ್ಳೋಳು ತನಗೆ ತಾನೇ ಪಾಸು ಮಾಡಿಕೊಂಡು ಓಡಬಹುದು. ನಾನು ಇದನ್ನು ಓದಿದ್ದೆ. ಆದರೆ ಓದಿದ್ದು ತಲೆಯಲ್ಲಿ ಇತ್ತು, ಬಾಯಲ್ಲಿ ಹಳೇದೇ ಬರುತ್ತಿತ್ತು. "ವಿಶಲ್ ಆಯ್ತು, ಜಾಗಕ್ಕೆ ಓಡಿ" ಅಂತ ಕಲಿಸಿದ್ದೆ. ಜಿಲ್ಲಾ ಮಟ್ಟದಲ್ಲಿ ನನ್ನ ಹುಡುಗಿಯರು ಶಿಸ್ತಾಗಿ ಬೆನ್ನು ತಿರುಗಿಸಿ ಓಡಿದರು. ಎದುರಾಳಿ ಹುಡುಗಿ ಹಿಂದಿನಿಂದ ಬಾಲ್ ತಳ್ಳಿಕೊಂಡು ಸುಮ್ನೆ ನಡೆದ ಹಾಗೆ ಬಂದು ಗೋಲ್ ಹೊಡೆದಳು. ಎರಡು ಸಲ. ಸೋತೆವು. ಹುಡುಗಿಯರು ಕ್ಷಮಿಸಿ ಮೇಡಂ ಅಂದರು. ಅವರದೇನು ತಪ್ಪು? ನಾನು ಹೇಳಿದ ಹಾಗೇ ಆಡಿದ್ದರು.

ಆಮೇಲೆ ಬಂದಿದ್ದು ಎಂಟನೇ ಕ್ಲಾಸಿನವಳ ಪ್ರಶ್ನೆ.

ಅವತ್ತು ರಾತ್ರಿ ಅಣ್ಣನ ಮಗನನ್ನು ಅಂಗಳಕ್ಕೆ ಕರೆದೆ. ಹುಡುಗ ಕ್ರಿಕೆಟ್ಟಿನವನು. ಬಾಲ್ ತಗೊಂಡು ನನ್ನ ಮೇಲೆ ಓಡಿ ಬಾ, ದಾಟೋಕೆ ನೋಡು ಅಂದೆ. ಅತ್ತಿಗೆಯ ಫೋನನ್ನು ತುಳಸಿ ಕಟ್ಟೆಗೆ ಒರಗಿಸಿ ವಿಡಿಯೋ ಹಾಕಿದೆ. ಇಪ್ಪತ್ತು ಸಲ ಓಡಿಸಿದೆ. "ಎಂತ ಅತ್ತೆ ಇದು, ಸಾಕು" ಅಂದ. ಹತ್ತು ರೂಪಾಯಿ ಕೊಟ್ಟೆ, ಮತ್ತೆ ಐದು ಸಲ ಓಡಿದ.

ಆಮೇಲೆ ಕೂತು ನೋಡಿದೆ. ವಿಡಿಯೋ ಮಬ್ಬಾಗಿತ್ತು, ಆದರೂ ಕಾಲು ಕಾಣುತ್ತಿತ್ತು. ಸ್ಟಿಕ್ ಅಲುಗಾಡುವ ಮೊದಲೇ ನನ್ನ ಎಡಗಾಲು ಎಡಕ್ಕೆ ಸರಿಯುತ್ತಿತ್ತು. ಅರ್ಧ ಗೇಣು. ಪ್ರತಿ ಸಲ. ಅವನು ಹತ್ತಿರ ಬಂದಂತೆ ಅವನ ವೇಗಕ್ಕೆ ಸರಿಯಾಗಿ ಎರಡು ಮೂರು ಹೆಜ್ಜೆ ಹಿಂದೆ ಹೋಗುತ್ತಿದ್ದೆ. ಅವನು ಭುಜ ಆಡಿಸಿದರೆ ನಾನು ಅಲುಗುತ್ತಿರಲಿಲ್ಲ, ಬಾಲ್ ಅಲುಗಿದರೆ ಮಾತ್ರ ಅಲುಗುತ್ತಿದ್ದೆ. ಬಾಲ್ ನೋಡಬೇಕು ಅಂದಿದ್ದು ಸುಳ್ಳಲ್ಲ. ಆದರೆ ನಿಜವಾದ ಕೆಲಸ ಕಾಲಲ್ಲಿ ನಡೆಯುತ್ತಿತ್ತು. ಹನ್ನೊಂದು ವರ್ಷ ಹಾಗೆ ಆಡಿದ ನನಗೇ ಅದು ಗೊತ್ತಿರಲಿಲ್ಲ.

ಯಾಕೆ ಎಡಗಾಲು ಅಂತ ಯೋಚಿಸಿದಾಗ ಲೆಕ್ಕ ಸರಿಹೋಯಿತು. ಹಾಕಿ ಸ್ಟಿಕ್ಕಿಗೆ ಒಂದೇ ಚಪ್ಪಟೆ ಮುಖ. ಎಡಗೈಯವರಿಗೆ ಅಂತ ಬೇರೆ ಸ್ಟಿಕ್ಕಿಲ್ಲ. ಹಾಗಾಗಿ ಎಲ್ಲರೂ ಬಾಲನ್ನು ತಮ್ಮ ಬಲಗಡೆಗೆ ಇಟ್ಟುಕೊಂಡೇ ಓಡುತ್ತಾರೆ. ಎದುರಿಗೆ ಬರುವವಳ ಬಲ ಅಂದರೆ ನನ್ನ ಎಡ. ನನ್ನ ಎಡ ಅಂದರೆ ಸ್ಟಿಕ್ಕನ್ನು ಮಗುಚಿ ಹಿಡಿಯಬೇಕಾದ ಕಡೆ, ಬಲ ಕಡಿಮೆ ಇರೋ ಕಡೆ. ಸುಮ್ಮನೆ ನೇರಕ್ಕೆ ನಿಂತರೆ ಅವಳು ಆರಾಮಾಗಿ ಆ ಕಡೆಯಿಂದ ಹೋಗುತ್ತಾಳೆ. ನನ್ನ ಎಡಗಾಲನ್ನು ಅವಳ ಬಾಲಿನ ನೇರಕ್ಕೆ ತಂದರೆ ಆ ದಾರಿ ಮುಚ್ಚಿತು. ಅವಳಿಗೆ ಈಗ ಜಾಗ ಕಾಣೋದು ನನ್ನ ಬಲಗಡೆ ಮಾತ್ರ. ಅಲ್ಲಿ ನನ್ನ ಸ್ಟಿಕ್ಕಿನ ಸರಿಯಾದ ಮುಖ ಕಾಯುತ್ತಿದೆ, ಅದರ ಆಚೆ ನಮ್ಮ ಸೆಂಟರ್ ಹಾಫ್ ಇದ್ದಾಳೆ.

ಮರುದಿನ ಆ ಹುಡುಗಿಗೆ ಸ್ಟಿಕ್ಕೇ ಕೊಡಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಲ್ಲು ಅಂದೆ. ಎದುರಿನವಳು ಬಾಲ್ ತರಲಿ, ನೀನು ಕಾಲಲ್ಲೇ ದಾರಿ ಮುಚ್ಚು, ಹಿಂದೆ ಹಿಂದೆ ಹೋಗು, ಬಾಲ್ ಕಿತ್ತುಕೊಳ್ಳೋ ಗೋಜಿಗೆ ಹೋಗಬೇಡ. ನೆಲದಲ್ಲಿ ಗುರುತಿಗೆ ಅಡಿಕೆ ಹಾಳೆಯನ್ನು ತಟ್ಟೆಯಗಲ ಕತ್ತರಿಸಿ ಇಟ್ಟಿದ್ದೆ. ಪ್ಲಾಸ್ಟಿಕ್ ಕೋನ್‌ಗಿಂತ ಹಾಳೆ ಒಳ್ಳೇದು, ತುಳಿದರೂ ಎಡವಲ್ಲ. ನೆಂದರೆ ಮಾತ್ರ ಜಾರತ್ತೆ, ಮಳೆಯಲ್ಲಿ ಬೇಡ. ಅರ್ಧ ಗಂಟೆ ಹೀಗೇ ಕಳೆಯಿತು. ಆಮೇಲೆ ಸ್ಟಿಕ್ ಕೊಟ್ಟು, ತುದಿ ನೆಲ ಬಿಡಬಾರದು ಅಂದೆ. ಅವಳನ್ನು ಅವತ್ತೂ ಎರಡು ಸಲ ದಾಟಿದರು. ಆದರೆ ಎರಡನೇ ಸಲ ಅವಳೇ ತಿರುಗಿ, "ಕಾಲು ತಡ ಆಯ್ತು ಮೇಡಂ" ಅಂದಳು. ನನಗೆ ಅಷ್ಟು ಖುಷಿ ಆಗಿದ್ದು ರಾಜ್ಯ ತಂಡಕ್ಕೆ ಆಯ್ಕೆಯಾದ ದಿನ ಬಿಟ್ಟರೆ ಅವತ್ತೇ. "ಕಾಲು ಮೊದಲು, ಕೋಲು ಆಮೇಲೆ" ಅಂತ ಹಾಡು ಕಟ್ಟಿದ್ದು ಹುಡುಗಿಯರೇ, ನಾನಲ್ಲ.

ಆ ವರ್ಷದಿಂದ ನಾನು ಅವರ ಜೊತೆ ಆಡೋದು ನಿಲ್ಲಿಸಿದೆ. ತೋರಿಸೋದಿದ್ದರೆ ನಿಧಾನಕ್ಕೆ, ಒಂದೇ ಸಲ. ಕೈಯಲ್ಲಿ ಸ್ಟಿಕ್ ಬದಲು ನೋಟ್‌ಬುಕ್ ಬಂತು. ಆಮೇಲೆ ರಜೆಯಲ್ಲಿ ಎನ್.ಐ.ಎಸ್., ಅಂದರೆ ರಾಷ್ಟ್ರೀಯ ಕ್ರೀಡಾ ಸಂಸ್ಥೆಯವರ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮಾಡಿಕೊಂಡೆ. ಪಟಿಯಾಲದ ಆ ಸಂಸ್ಥೆ 1961ರಿಂದ ಕೋಚ್‌ಗಳನ್ನು ತಯಾರು ಮಾಡುತ್ತಿದೆ. ಆರು ವಾರದಲ್ಲಿ ಕಲಿತಿದ್ದರಲ್ಲಿ ನನಗೆ ಉಳಿದಿದ್ದು ಒಂದು ವಿಷಯ. ಮೊದಲು ಆಟ ಆಡಿಸು, ಎಲ್ಲಿ ಕೆಡುತ್ತಿದೆ ನೋಡು, ಆ ತುಂಡನ್ನು ಮಾತ್ರ ಹೊರಗೆ ತೆಗೆದು ತಿದ್ದು, ಮತ್ತೆ ಆಟಕ್ಕೆ ಹಾಕು. ಅಮ್ಮ ಸ್ವೆಟರ್ ಹೆಣೆಯುವಾಗ ತಪ್ಪಿದ ಸಾಲಿನ ತನಕ ಮಾತ್ರ ಬಿಚ್ಚುತ್ತಿದ್ದಳು, ಪೂರ್ತಿ ಬಿಚ್ಚುತ್ತಿರಲಿಲ್ಲ. ಹಾಗೆ.

ಈಗ ಮಳೆಗಾಲದ ವಿಷಯ. ಮಲೆನಾಡಿನಲ್ಲಿ ಹಾಕಿ ಕಲಿಸುವವರಿಗೆ ದೊಡ್ಡ ತಲೆನೋವು ಇದೇ. ಜೂನ್‌ನಲ್ಲಿ ಶಾಲೆ ಬಿಸಿ ಹಿಡಿಯೋ ಹೊತ್ತಿಗೆ ಮಳೆಯೂ ಹಿಡಿಯತ್ತೆ. ಸೆಪ್ಟೆಂಬರ್ ತನಕ ಮೈದಾನ ಅಂದರೆ ಕೆಸರುಗದ್ದೆ. ಕ್ರೀಡಾಕೂಟಗಳು ಬರೋದೂ ಆಗಲೇ. ಕೊಠಡಿಯ ಜಗುಲಿಯಲ್ಲಿ ಆಡಿಸಿದೆ, ಕಿಟಕಿ ಗಾಜು ಒಡೆಯಿತು. ಅಡಿಕೆ ಒಣಗಿಸುವ ಅಂಗಳ ಖಾಲಿ ಇರತ್ತೆ ಅಂತ ಹೋದೆವು, ಪಾಚಿ ಕಟ್ಟಿತ್ತು, ಇಬ್ಬರು ಬಿದ್ದರು.

ಒಂದು ದಿನ ಪಂಚಾಯಿತಿ ಕೆಲಸಕ್ಕೆ ಹೋದಾಗ ಊರಿನ ಸಮುದಾಯ ಭವನ ಕಣ್ಣಿಗೆ ಬಿತ್ತು. ಬೀಗ ಹಾಕಿತ್ತು. ಆಷಾಢ. ಮದುವೆ ಇಲ್ಲ, ಉಪನಯನ ಇಲ್ಲ, ಗೃಹಪ್ರವೇಶ ಇಲ್ಲ. ಒಂದು ತಿಂಗಳು ಭವನಕ್ಕೆ ಕೆಲಸವೇ ಇಲ್ಲ! ಕಮಿಟಿಯವರನ್ನು ಕೇಳಿದೆ. ಒಪ್ಪೋಕೆ ಎರಡು ವಾರ ತಗೊಂಡರು. ಒಳಗೆ ನೋಡಿದರೆ ಕಾವಿ ನೆಲ, ಕನ್ನಡಿ ಥರ. ಹಾಸ್ಟೆಲ್ಲಿನ ಊಟದ ಹಾಲ್ ನೆನಪಾಯಿತು. ಗೋಡೆಗಳ ಬುಡಕ್ಕೆ ಹೊಟ್ಟು ತುಂಬಿದ ಗೋಣಿಚೀಲ ಸಾಲಾಗಿ ಇಟ್ಟೆವು. ಹಾಕಿ ಬಾಲ್ 156ರಿಂದ 163 ಗ್ರಾಂ ಇರತ್ತೆ, ಕಲ್ಲಿನ ಹಾಗೆ. ಅದು ಬೇಡ ಅಂತ ಟೆನಿಸ್ ಬಾಲ್ ತಂದೆ. ಪುಟಿಯತ್ತೆ, ಹಿಡಿಯೋಕೆ ಕಷ್ಟ. ಆ ಕಷ್ಟವೇ ಬೇಕಾಗಿತ್ತು. ಕೈ ಸಡಿಲ ಬಿಡದಿದ್ದರೆ ಟೆನಿಸ್ ಬಾಲ್ ಸ್ಟಿಕ್ಕಿಗೆ ತಾಗಿ ಮಾರು ದೂರ ಹಾರತ್ತೆ. ಒಂದು ವಾರ ಆದ ಮೇಲೆ ಹಾಕಿ ಬಾಲಲ್ಲಿ ಪುಶ್ ಮಾತ್ರ, ಹಿಟ್ ಇಲ್ಲ. ಕಾವಿ ನೆಲದಲ್ಲಿ ಬಾಲ್ ಸೀದಾ, ಸರ್ರನೆ ಬರತ್ತೆ. ಬಗ್ಗದೆ ಬೇರೆ ದಾರಿಯೇ ಇಲ್ಲ. ನಾಲ್ಕು ನಾಲ್ಕು ಹುಡುಗಿಯರ ಆಟ, ಹತ್ತು ನಿಮಿಷ, ಬದಲು. ಮೂರು ವರ್ಷ ಆಷಾಢದಲ್ಲಿ ಹೀಗೆ ಆಡಿದ ಹುಡುಗಿಯರು ಮೊದಲ ಸಲ ಬೆಂಗಳೂರಿನ ಟರ್ಫ್‌ಗೆ ಇಳಿದಾಗ ನಾನು ಉಸಿರು ಹಿಡಿದು ನಿಂತಿದ್ದೆ. ಮೊದಲ ಪಾಸು ಬಂತು, ಹುಡುಗಿ ಹಿಡಿದಳು. "ಹೆಂಗಿದೆ?" ಅಂತ ಕೇಳಿದರೆ, "ಭವನದ ಥರಾನೇ ಇದೆ ಮೇಡಂ, ಸ್ವಲ್ಪ ದೊಡ್ಡದು" ಅಂದಳು.

ಕೋಚಿಂಗ್ ಅಂದರೆ ಇಷ್ಟೇ ಅಂದುಕೊಳ್ಳಬೇಡಿ. ಅರ್ಧ ಕೆಲಸ ಬಸ್ಸಿನದು. ಸಂಜೆ ಐದೂಕಾಲಿನ ಬಸ್ಸು ತಪ್ಪಿದರೆ ನಾಲ್ಕು ಹುಡುಗಿಯರಿಗೆ ಮನೆಗೆ ಹೋಗೋ ದಾರಿಯಿಲ್ಲ. 2023ರಿಂದ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಒಳ್ಳೇದೇ. ಆದರೆ ನಮ್ಮ ಒಳದಾರಿಗಳಲ್ಲಿ ಓಡೋದು ಜಾಸ್ತಿ ಪ್ರೈವೇಟ್ ಬಸ್ಸು. ಅದಕ್ಕೆ ಪ್ರಾಕ್ಟೀಸನ್ನು ಬೆಳಿಗ್ಗೆಗೆ ಬದಲಾಯಿಸಿದೆ. ಆಗ ತಿಂಡಿ ತಿನ್ನದೆ ಬರುತ್ತಿದ್ದರು. ಮಧ್ಯಾಹ್ನ ಊಟ ಮಾಡಿಸುವ ಅಕ್ಕನ ಕೈಕಾಲು ಹಿಡಿದು ಬೆಳಿಗ್ಗೆಯೂ ಒಂದಿಷ್ಟು ಅವಲಕ್ಕಿ ಮಾಡಿಸಿಕೊಂಡೆ.

ಇನ್ನರ್ಧ ಅಮ್ಮಂದಿರದು. ಅಪ್ಪಂದಿರನ್ನು ಒಪ್ಪಿಸೋದು ಸುಲಭ, ಒಂದು ಕಪ್ ತೋರಿಸಿದರೆ ಸಾಕು. ಅಮ್ಮಂದಿರು ಕೇಳೋ ಪ್ರಶ್ನೆ ಬೇರೆ. "ತಿಂಗಳ ದಿನದಲ್ಲಿ ಎಂತ ಮಾಡ್ತೀರಿ? ಆ ಮೈದಾನದಲ್ಲಿ ಪಾಯಿಖಾನೆ ಉಂಟಾ? ಅಷ್ಟು ಗಿಡ್ಡ ಚಡ್ಡಿ ಹಾಕ್ಲೇಬೇಕಾ?" ಮೂರೂ ನ್ಯಾಯವಾದ ಪ್ರಶ್ನೆ. ಮೂರಕ್ಕೂ ಉತ್ತರ ಇಟ್ಟುಕೊಂಡೇ ಅವರ ಜಗುಲಿ ಹತ್ತುತ್ತೇನೆ. ಪ್ಯಾಡ್ ನನ್ನ ಚೀಲದಲ್ಲಿ ಇರತ್ತೆ. ಟೂರ್ನಿಗೆ ಹೊರಡೋ ಮುಂಚೆ ಫೋನ್ ಮಾಡಿ ಶೌಚಾಲಯ ಇದೆಯಾ, ಬಾಗಿಲಿಗೆ ಚಿಲಕ ಇದೆಯಾ ಅಂತ ಕೇಳುತ್ತೇನೆ. ಚಿಲಕ ಇದೆಯಾ ಅಂತ ಕೇಳಿದರೆ ಆ ಕಡೆ ಗಂಡಸರು ನಗುತ್ತಾರೆ. ನಗಲಿ. ಪ್ರಾಕ್ಟೀಸಿಗೆ ಟ್ರ್ಯಾಕ್ ಪ್ಯಾಂಟ್ ಸಾಕು. ಮ್ಯಾಚಿಗೆ ಸ್ಕರ್ಟ್ ಹಾಕಿದರೂ ಒಳಗೆ ಮಂಡಿಯವರೆಗೆ ಟೈಟ್ಸ್.

ಗೋಲ್‌ಕೀಪರ್ ಆಗೋಕೆ ಮಾತ್ರ ವರ್ಷಾನುಗಟ್ಟಲೆ ಯಾರೂ ಮುಂದೆ ಬರಲಿಲ್ಲ. ಓಡೋಕೆ ಆಗದವಳನ್ನು ಅಲ್ಲಿ ನಿಲ್ಲಿಸೋದು ಎಲ್ಲ ಕಡೆಯ ಪದ್ಧತಿ, ನಾನೂ ಮಾಡಿದ್ದೇನೆ. 3.66 ಮೀಟರ್ ಅಗಲದ ಗೋಲು, ಹಳೇ ಪ್ಯಾಡು, ಗೋಲ್ ಆದರೆ ಬೈಗುಳ ಅವಳಿಗೇ. ಯಾರಿಗೆ ಬೇಕು? ಒಳ್ಳೆ ಕಿಟ್ ಒಂದರ ದುಡ್ಡಲ್ಲಿ ಹತ್ತು ಹುಡುಗಿಯರಿಗೆ ಸ್ಟಿಕ್ ಬರತ್ತೆ, ಹಾಗಾಗಿ ನಾನೂ ಮುಂದೂಡುತ್ತಾ ಬಂದಿದ್ದೆ.

2021ರ ಆಗಸ್ಟ್ 2ರ ಬೆಳಿಗ್ಗೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆಂಗಸರು ಆಸ್ಟ್ರೇಲಿಯಾ ಎದುರು ಆಡಿದರು. ಶಾಲೆ ಬಂದ್. ಕರೆಂಟೂ ಇರಲಿಲ್ಲ. ಮಕ್ಕಳು ಆನ್‌ಲೈನ್ ಕ್ಲಾಸಿಗೆ ಅಂತ ನೆಟ್‌ವರ್ಕ್ ಸಿಗೋ ಗುಡ್ಡ ಹತ್ತುತ್ತಿದ್ದ ಕಾಲ ಅದು. ಅದೇ ಗುಡ್ಡದ ಮೇಲೆ ಎರಡು ಕೊಡೆ ಜೋಡಿಸಿ ಐದು ಹುಡುಗಿಯರು ಒಂದೇ ಫೋನಲ್ಲಿ ಮ್ಯಾಚ್ ನೋಡಿದರು. ಗುರ್ಜೀತ್ ಕೌರ್ ಪೆನಾಲ್ಟಿ ಕಾರ್ನರ್‌ನಲ್ಲಿ ಹೊಡೆದ ಒಂದೇ ಗೋಲಿಗೆ ಗೆದ್ದೆವು. ಪೆನಾಲ್ಟಿ ಕಾರ್ನರ್ ಅಂದರೆ ಗೋಲಿನ ಹತ್ತಿರ ಎದುರಾಳಿ ತಪ್ಪು ಮಾಡಿದಾಗ ಸಿಗೋ ಅವಕಾಶ. ಆದರೆ ಗುಡ್ಡದ ಮೇಲಿದ್ದವರ ಬಾಯಲ್ಲಿ ಇದ್ದಿದ್ದು ಸವಿತಾ, ಗೋಲಿನಲ್ಲಿ ಗೋಡೆ ಥರ ನಿಂತವಳು. ಆಗಸ್ಟ್ 6ಕ್ಕೆ ಕಂಚಿನ ಪದಕದ ಮ್ಯಾಚ್ 3–4ರಲ್ಲಿ ಸೋತಾಗ ಒಬ್ಬಳು ನನಗೆ ಫೋನ್ ಮಾಡಿ ಅತ್ತಳು. ಅತ್ತು ಮುಗಿಸಿ, "ಮೇಡಂ, ಶಾಲೆ ಶುರುವಾದ ಮೇಲೆ ನಾನು ಕೀಪರ್ ಆಗ್ತೀನಿ" ಅಂದಳು. ಆ ವರ್ಷ ಸ್ಟಿಕ್ ತಗೊಳ್ಳಲಿಲ್ಲ. ಊರವರ ಹತ್ತಿರ, ಹಳೇ ವಿದ್ಯಾರ್ಥಿಗಳ ಹತ್ತಿರ ಎತ್ತಿದ ದುಡ್ಡಲ್ಲಿ ಕಿಟ್ ತಂದೆ. ಪೆನಾಲ್ಟಿ ಕಾರ್ನರ್‌ಗೆ ತಡೆಯೋಕೆ ಓಡಿ ಹೋಗುವವರಿಗೆ ಮುಖಕ್ಕೆ ಮಾಸ್ಕ್ ಕೂಡ. ಮೊದಲ ಹಿಟ್ ಗೋಲಿನ ಹಲಗೆಯ ಎತ್ತರ, ಅಂದರೆ 460 ಮಿಲಿಮೀಟರ್ ಮೀರಬಾರದು ಅಂತ ನಿಯಮ ಇದೆ ನಿಜ. ನಮ್ಮ ಜಂಬಿಟ್ಟಿಗೆ ನೆಲಕ್ಕೆ ಆ ನಿಯಮ ಗೊತ್ತಿಲ್ಲವಲ್ಲ.

ನಮ್ಮ ಕಾಲದಲ್ಲಿ 35 ನಿಮಿಷದ ಎರಡು ಅರ್ಧ. ಈಗ 15 ನಿಮಿಷದ ನಾಲ್ಕು ಕ್ವಾರ್ಟರ್. ಮೊದಲ ಮತ್ತು ಮೂರನೇ ಕ್ವಾರ್ಟರ್ ಆದ ಮೇಲೆ ಎರಡು ನಿಮಿಷ ಬಿಡುವು. ಮೊದಮೊದಲು ಆ ಎರಡು ನಿಮಿಷದಲ್ಲಿ ಹತ್ತು ವಿಷಯ ಹೇಳುತ್ತಿದ್ದೆ. ಹುಡುಗಿಯರು ನೀರು ಕುಡೀತಾ ತಲೆ ಆಡಿಸುತ್ತಿದ್ದರು, ಮೈದಾನಕ್ಕೆ ಹೋಗಿ ಹಳೇದನ್ನೇ ಮಾಡುತ್ತಿದ್ದರು. ಈಗ ಮೊದಲ ಒಂದು ನಿಮಿಷ ನಾನು ಬಾಯಿ ಬಿಡಲ್ಲ. ಅವರೇ ಮಾತಾಡಬೇಕು. ಎರಡನೇ ನಿಮಿಷ ಒಂದೇ ವಿಷಯ ಹೇಳೋದು. ಸೋಲುತ್ತಿರುವಾಗ ಆ ಒಂದು ನಿಮಿಷ ಬಾಯಿ ಮುಚ್ಚಿಕೊಂಡು ಇರೋದಿದೆಯಲ್ಲ, ಮಂಡಿ ಆಪರೇಷನ್ನಿಗಿಂತ ಕಷ್ಟ.

ಪ್ರಶ್ನೆ ಕೇಳಿದ ಹುಡುಗಿ ಜಿಲ್ಲಾ ತಂಡದ ತನಕ ಆಡಿದಳು. ಈಗ ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸ. ಕೋಚ್ ಏನೂ ಆಗಿಲ್ಲ. ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಸಿಕ್ಕಿದ್ದಳು. ಜನರ ನೂಕುನುಗ್ಗಲಲ್ಲಿ ದಾರಿ ಮಾಡಿಕೊಂಡು ಬಂದು, "ಕಾಲು ಮೊದಲು ಮೇಡಂ" ಅಂದು ನಕ್ಕಳು. ಮಂಡಕ್ಕಿ ಕೊಡಿಸಿದಳು.

ಈ ಸಲ ಭವನದ ಕಮಿಟಿಯವರು ಕಾವಿ ನೆಲ ತೆಗೆದು ಟೈಲ್ಸ್ ಹಾಕೋ ಮಾತಾಡುತ್ತಿದ್ದಾರೆ. ಮದುವೆ ಪಾರ್ಟಿಗಳು ಟೈಲ್ಸ್ ಇರೋ ಕಡೆ ಹೋಗುತ್ತಿದ್ದಾರಂತೆ. ನಯವಾದ ಟೈಲ್ಸ್ ಆದರೆ ಹುಡುಗಿಯರು ಜಾರುತ್ತಾರೆ, ಒರಟು ಟೈಲ್ಸ್ ಆದರೆ ಸಂದುಗಳಲ್ಲಿ ಬಾಲ್ ಪುಟಿಯತ್ತೆ. ಕೆಲಸ ದೀಪಾವಳಿ ಆದ ಮೇಲೆ ಇಟ್ಟುಕೊಳ್ಳಿ, ಈ ಆಷಾಢ ಒಂದು ಬಿಟ್ಟುಕೊಡಿ ಅಂತ ಕೇಳಿದ್ದೇನೆ. ಭಾನುವಾರ ಮೀಟಿಂಗ್ ಇದೆ. ಎಂಟು ಗೋಣಿಚೀಲ ಹೊಟ್ಟು ಅಕ್ಕಿ ಗಿರಣಿಯಿಂದ ಆಗಲೇ ತಂದು ಇಟ್ಟಾಗಿದೆ.